ಒಳಗೊಂದು ಹೊರಗೊಂದು

ಒಳಗೊಂದು ಹೊರಗೊಂದು ಎಂದು
ಮನುಷ್ಯರನ್ನು ಬೈಯುತ್ತೇವಲ್ಲ,
ಈ ಕೊಳವೆ ಇರುವುದೇ ಹಾಗೆ.
ಹೊರಗೋಡೆಗೂ ಒಳಗೋಡೆಗೂ ನಡುವೆ
ಗಾಳಿ ಕೆಳಗಿಳಿಯುತ್ತದೆ,
ಸುತ್ತಿಗೆಯ ಬಾಯಲ್ಲಿ ಕಲ್ಲು ನುರಿಯುತ್ತದೆ,
ನುರಿದದ್ದು ನಡುಗೊಳವೆಯಲ್ಲಿ ಮೇಲೇರುತ್ತದೆ
ದಾರಿಯಲ್ಲಿ ಯಾವ ಪದರವನ್ನೂ ಮುಟ್ಟದೆ,
ಯಾರ ಮಾತನ್ನೂ ಬೆರೆಸಿಕೊಳ್ಳದೆ.
ಇಷ್ಟು ನೆಟ್ಟಗೆ ಸಾಕ್ಷಿ ಹೇಳುವವರನ್ನು
ಒಪುವೊದ ಕೋರ್ಟಿನಲ್ಲೂ ನಾನು ಕಂಡಿಲ್ಲ.

ನನ್ನ ಕೆಲಸ ಚೀಲ ಹಿಡಿಯುವುದು.
ಮೀಟರಿಗೊಂದು ಚೀಲ.
ಮೂಗಿಗೆ ಮುಸುಕು, ಕಿವಿಗೆ ಬಿರಡೆ,
ಸೈಕ್ಲೋನಿನ ಅಡಿಯಲ್ಲಿ ನಿಂತು
ಬಿಸಿ ಪುಡಿ ಧೊಪ್ಪೆಂದು ಬೀಳುವಾಗ
ಹಾಲು ಕರೆಯುವ ತಂಬಿಗೆಯಂತೆ
ಮೊಣಕಾಲ ನಡುವೆ ಸಿಕ್ಕಿಸಿಕೊಳ್ಳಬೇಕು.

ಆಮೇಲೆ ಜರಡಿಯಲ್ಲಿ ತೊಳೆದು, ಚಿಟಿಕೆಯಷ್ಟು,
ಇಪ್ಪತ್ತು ಮನೆಗಳ ಪ್ಲಾಸ್ಟಿಕ್ ಪೆಟ್ಟಿಗೆಗೆ.
ಮೊದಲ ಮೂರು ಮನೆ ಕೆಂಪು ಮರಳು,
ಮುಂದೆ ಆಸಿಡ್ಡಿನ ಹನಿಗೆ ಬುಸುಗುಡುವ ಸುಣ್ಣಗಲ್ಲು,
ಮುಂದೆ ಬೂದಿ, ಬೂದಿ, ಬೂದಿ,
ಅಭ್ರಕ ಮಿನುಗುವ ಬೂದಿ.
ನೋಡಿದರೆ ನನ್ನಜ್ಜಿ ಮರಳಲ್ಲಿ ತೋಡುತ್ತಿದ್ದ
ಗುಳಿಯಾಟದ ಸಾಲು.
ಗುಳಿ ಖಾಲಿಯಾದರೆ ನಗುತ್ತಿದ್ದಳು:
"ಬರಿದಾಯಿತು ಕಣೆ, ಎದುರಿನವಳದ್ದು ಬಾಚು."

ಯಂತ್ರ ನಡೆಸುವವನು ಗವಾಸೆಬ್.
ಮೂವತ್ತು ವರ್ಷದ ಸದ್ದಿಗೆ ಎಡಗಿವಿ ಸತ್ತಿದೆ,
ಅಂಗಾಲು ಬದುಕಿದೆ.
ಬಂಡೆ ಬದಲಾದದ್ದು ಬೂಟಿನೊಳಗೆ ತಿಳಿಯುತ್ತದೆ ಅವನಿಗೆ.
"ಬೆಣಚು," ಎನ್ನುತ್ತಾನೆ.
ಎರಡು ಉಸಿರಾದ ಮೇಲೆ
ಬಿಳಿ ಪುಡಿ ನನ್ನ ಚೀಲಕ್ಕೆ ಬರುತ್ತದೆ.

ಎಂಬತ್ತೈದರಲ್ಲಿ ಹಸಿರು,
ಪುಟ್ಟ ಗಿಳಿಯ ಬೆನ್ನಿನ ಹಸಿರು.
ತಾಮ್ರ!
ಭೂವಿಜ್ಞಾನಿ ಲೀಸೆಲೊಟ್ಟೆ ಕನ್ನಡಕವನ್ನು ಹಣೆಗೇರಿಸಿ
ಚೂರೊಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು.
ಎಂಬತ್ತಾರು, ಹಸಿರು. ಎಂಬತ್ತೇಳು, ಇನ್ನೂ ಹಸಿರು.
ಎಂಬತ್ತೆಂಟರಲ್ಲಿ ಚೀಲ ಭಾರವಾಯಿತು.
ಪುಡಿಯ ಸದ್ದು ಹೋಗಿ ಮುದ್ದೆಯ ಸದ್ದು.
ಸೈಕ್ಲೋನು ಕೆಮ್ಮಿತು, ಕ್ಯಾಕರಿಸಿತು, ಉಗುಳಿತು.
ನನ್ನ ಬೂಟು, ಕಟ್ಟಿಟ್ಟ ಚೀಲಗಳು, ಗವಾಸೆಬನ ಚಹಾ,
ಎಲ್ಲದರ ಮೇಲೂ ಬೂದುಬಣ್ಣದ ನೀರು.

ಗವಾಸೆಬ್ ಬೈದ.
ಲೀಸೆಲೊಟ್ಟೆಯೂ ಬೈದಳು, ಜರ್ಮನ್ನಿನಲ್ಲಿ, ಮೆಲ್ಲಗೆ.
ನೀರು ಬಂದರೆ ಮಾದರಿ ಕೆಟ್ಟಿತು.
ಒಂದು ಮೀಟರಿನ ಕೆಸರು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ,
ಸಾಕ್ಷಿಗಳು ಮೊದಲೇ ಮಾತಾಡಿಕೊಂಡು ಬಂದ ಹಾಗೆ.
ಅವಳ ಹಾಳೆಯಲ್ಲಿ ಮೂರು ಕಾಲಂ:
ಒಣ, ತೇವ, ಒದ್ದೆ.
ಒದ್ದೆಯ ಎದುರು ಗೀಟೆಳೆದು "ನಿಲ್ಲಿಸಿ" ಎಂದಳು.

ಅಷ್ಟರಲ್ಲಿ ಆಡುಗಳು ಬಂದಿದ್ದವು.
ಯಾರು ಹೇಳಿದರೋ, ಗಾಳಿಯೇ ಇರಬೇಕು.
ಹಿಂದೆ ಕೋಲೂರಿಕೊಂಡು ಮುಹಾರುಕುವಾ.
ಬೊಗಸೆ ಒಡ್ಡಿದ, ಹೀರಿದ,
ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ಉಗುಳಿದ.
"ಉಪ್ಪು," ಎಂದ. "ಆಡಿಗೆ ಆದೀತು.
ಹಸು ಮುನಿಸಿಕೊಳ್ಳುತ್ತದೆ."
ಬಗೆದರೂ ಬಗೆಹರಿಯದ್ದು ಎಂದರೆ ಇದೇ.

ಹೊರಡುವ ಮುನ್ನ ಕೇಸಿಂಗ್ ಪೈಪು ಕಿತ್ತು,
ರಂಧ್ರಕ್ಕೆ ಬೆಣೆ ಜಡಿದು, ಮಣ್ಣೆಳೆದು ಹೋಗುವುದು ನಿಯಮ.
"ಬರುತ್ತಿಲ್ಲ," ಎಂದ ಗವಾಸೆಬ್,
"ತುಕ್ಕು ಹಿಡಿದು ಕಚ್ಚಿಕೊಂಡಿದೆ."
ಆ ಬೆಳಿಗ್ಗೆ ತಾನೇ ಇಳಿಸಿದ ಪೈಪು.
ಲೀಸೆಲೊಟ್ಟೆ ಅದರ ಹೊಳಪನ್ನು ನೋಡಿದಳು,
ಅವನನ್ನು ನೋಡಿದಳು,
ಹಾಳೆಯಲ್ಲಿ "ತುಕ್ಕು" ಎಂದು ಬರೆದಳು.

ಪೆಟ್ಟಿಗೆಗಳು ವಿಂಡ್‌ಹುಕ್‌ನ ಗೋದಾಮಿನಲ್ಲಿವೆ.
ಐದನೆಯದರ ಎಂಟನೆಯ ಮನೆಯಲ್ಲಿ
ಒಣಗಿ ಬಿರುಕುಬಿಟ್ಟ ಕೆಸರು,
ಅಲುಗಿಸಿದರೆ ಸದ್ದಾಗುತ್ತದೆ.

ಮುಹಾರುಕುವಾ ಪೈಪಿನ ತುಂಡಿಗೆ ತಳ ಬೆಸೆಸಿ
ಹಗ್ಗ ಕಟ್ಟಿ ಇಳಿಸುತ್ತಾನಂತೆ.
ಒಂದು ಸಲ ಎಳೆದರೆ ಮೂರು ಆಡಿಗೆ ಆಗುತ್ತದಂತೆ.
ಅವನಿಗಿರುವುದು ನಲವತ್ತು.